ನಮ್ಮ ಮನೆಯ ತಲೆ ಎಣಿಸಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಏನನ್ನು ಬೇಕಾದರೂ ಎಣಿಸಬಹುದಿತ್ತು, ಮನುಷ್ಯರನ್ನು ಮಾತ್ರ ಎಣಿಸುವಂತಿರಲಿಲ್ಲ. ಕುರಿ ಎಣಿಸುತ್ತಿದ್ದೆವು, ತೆಂಗಿನಕಾಯಿ ಎಣಿಸುತ್ತಿದ್ದೆವು. ಕಣದಲ್ಲಿ ರಾಗಿ ಅಳೆಯುವಾಗ ಅಜ್ಜಿ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದಳು, ಆಮೇಲೆ ಎರಡು, ಮೂರು. ನಮ್ಮ ಕಡೆ ಎಲ್ಲರೂ ಹಾಗೇ ಅಳೆಯುತ್ತಿದ್ದರು. ಆದರೆ ಊಟಕ್ಕೆ ಕೂತವರನ್ನು ಯಾರಾದರೂ ಬೆರಳು ಮಾಡಿ ಎಣಿಸಿದರೋ, ಅಜ್ಜಿ ಮುದ್ದೆ ತಿರುವುವ ಕೋಲನ್ನೇ ಎತ್ತಿಕೊಂಡು ಬರುತ್ತಿದ್ದಳು. ಎಣಿಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳು ನಂಬಿದ್ದಳು. ಅವಳು ನಂಬಿದ್ದನ್ನು ನಾನೂ ನಂಬಿದ್ದೆ.

ಅದಕ್ಕೆ ಕಾರಣವಿತ್ತು. ಅಪ್ಪನಿಗೆ ಒಬ್ಬ ತಮ್ಮನಿದ್ದನಂತೆ, ಐದು ವರ್ಷದವನು. ಹಿಂದೊಮ್ಮೆ ಸರ್ಕಾರದವರು ಮನೆಮನೆಯ ಜನರನ್ನು ಲೆಕ್ಕ ಹಾಕಲು ಬಂದಾಗ ಅವರಲ್ಲೊಬ್ಬರು ಆ ಹುಡುಗನ ತಲೆ ಸವರಿ, ‘ಇವನೊಬ್ಬ’ ಎಂದು ಬರೆದುಕೊಂಡು ಹೋದರಂತೆ. ಎರಡು ವಾರದೊಳಗೆ ಅವನಿಗೆ ಜ್ವರ ಬಂತು. ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆಂದು ಹೊರಟರು. ಹುಣಸೂರು ಮುಟ್ಟುವ ಮೊದಲೇ ಅವನು ಅಜ್ಜಿಯ ಮಡಿಲಲ್ಲಿ ಹೋಗಿಬಿಟ್ಟ. ಮಕ್ಕಳೇ, ಬರೆದುಕೊಂಡದ್ದಕ್ಕೂ ಜ್ವರಕ್ಕೂ ಏನು ಸಂಬಂಧ ಎಂದು ನೀವು ಸುಲಭವಾಗಿ ಕೇಳಬಹುದು. ಆದರೆ ಮಡಿಲಲ್ಲಿ ಮಗುವನ್ನು ಕಳೆದುಕೊಂಡವಳಿಗೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ಅವಳಿಗೆ ಸಿಕ್ಕಿದ್ದು ಆ ಲೆಕ್ಕ.

ಸತ್ತ ಆ ಚಿಕ್ಕಪ್ಪನ ಹೆಸರನ್ನೇ ನನ್ನ ತಮ್ಮನಿಗೆ ಇಟ್ಟಿದ್ದರು. ಅಜ್ಜಿ ಮಾತ್ರ ಒಂದು ದಿನವೂ ಆ ಹೆಸರು ಹಿಡಿದು ಕರೆದವಳಲ್ಲ, ‘ಕೂಸು’ ಎನ್ನುತ್ತಿದ್ದಳು. ತಮ್ಮನಿಗೆ ಆಗ ನಾಲ್ಕು ವರ್ಷ, ನನಗೆ ಒಂಬತ್ತು.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಮೂರು ಮೈಲಿ ಒಳಗಿತ್ತು. ಕರೆಂಟು ಬಂದಿರಲಿಲ್ಲ. ಇಡೀ ಊರಿಗೆ ಒಂದೇ ರೇಡಿಯೊ, ಅದೂ ಬ್ಯಾಟರಿ ಮುಗಿದರೆ ಮುಂದಿನ ಸಂತೆಯವರೆಗೆ ಮೂಕ. ಸರ್ಕಾರದ ಸುದ್ದಿ ಏನಿದ್ದರೂ ತಮಟೆ ಬಡಿದು ಸಾರುತ್ತಿದ್ದರು. ಆ ವರ್ಷ ಬೇಸಿಗೆಯ ಮೊದಲಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳೆಲ್ಲ ತಣ್ಣಗಾಗಿದ್ದ ಕಾಲದಲ್ಲಿ, ಹಾಗೆ ತಮಟೆ ಕೇಳಿಸಿತು. ಜನರ ಲೆಕ್ಕ ಬರೆಯಲು ಬರುತ್ತಾರೆ, ಎಲ್ಲರೂ ಮನೆಯಲ್ಲಿರಬೇಕು ಎಂದು ಸಾರಿದರು. ಅದಕ್ಕೂ ಮೊದಲೇ ಯಾರೋ ಬಂದು ನಮ್ಮ ಬಾಗಿಲ ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಅಂಕಿ ಬರೆದು ಹೋಗಿದ್ದರು. ಅವರು ಬೀದಿಯ ತಿರುವು ದಾಟುವುದರೊಳಗೆ ಅಜ್ಜಿ ಅದರ ಮೇಲೆ ಸಗಣಿ ಬಳಿದಿದ್ದಳು. ಮಾರನೆಯ ವಾರ ಅವರು ಮತ್ತೆ ಬರೆದರು, ಇವಳು ಮತ್ತೆ ಬಳಿದಳು. ಮೂರನೆಯ ಸಲ ಅವರು ಟಾರು ತಂದರು.

ಲೆಕ್ಕ ಬರೆಯುವ ಮೇಷ್ಟ್ರು ಬಂದ ದಿನ ನಾವೆಲ್ಲ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅವ್ವ ಹಣ್ಣನ್ನು ಕುಟ್ಟಿ ಬೀಜ ತೆಗೆಯುತ್ತಿದ್ದಳು, ನಾನು ನಾರು ಕೀಳುತ್ತಿದ್ದೆ. ಬೆರಳೆಲ್ಲ ಅಂಟು, ಮೂಗಿನ ತುಂಬ ಹುಳಿ ವಾಸನೆ. ಮೇಷ್ಟ್ರು ಮೇಲಿನ ಬೀದಿ ಮುಗಿಸಿ ನಮ್ಮ ಬೀದಿಗೆ ತಿರುಗಿದರು ಎಂದು ಯಾರೋ ಹೇಳಿದ ಕೂಡಲೇ ಅಜ್ಜಿ ಎದ್ದಳು. ತಮ್ಮನನ್ನು ಎತ್ತಿಕೊಂಡು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

ನಡುಮನೆಯ ಕತ್ತಲ ಮೂಲೆಯಲ್ಲಿ ರಾಗಿ ತುಂಬಿಡುವ ಎರಡು ವಾಡೆಗಳಿದ್ದವು. ವಾಡೆ ಎಂದರೆ ದೊಡ್ಡ ಮಣ್ಣಿನ ಪಾತ್ರೆ, ನನಗಿಂತ ಎತ್ತರ. ಒಂದರಲ್ಲಿ ರಾಗಿ ತುಂಬಿತ್ತು, ಇನ್ನೊಂದು ಖಾಲಿಯಾಗಿತ್ತು. ಅಜ್ಜಿ ತಮ್ಮನ ಹಣೆಗೆ ವಿಭೂತಿ ಹಚ್ಚಿ, ಕೈಗೊಂದು ಬೆಲ್ಲದ ಉಂಡೆ ಕೊಟ್ಟು, ಖಾಲಿ ವಾಡೆಯೊಳಗೆ ಇಳಿಸಿದಳು. ಉಸಿರಾಡಲು ಸಂದು ಬಿಟ್ಟು ಮೇಲೆ ಮೊರ ಮುಚ್ಚಿದಳು.

ನಾನು ಅಲ್ಲೇ ನಿಂತು ಕಾದೆ. ನನ್ನನ್ನು ಎಲ್ಲಿ ಬಚ್ಚಿಡುತ್ತಾಳೋ ಎಂದು ಯೋಚಿಸುತ್ತಿದ್ದೆ. ಅಟ್ಟದ ಮೇಲೆ ಜಾಗವಿತ್ತು, ಕೊಟ್ಟಿಗೆಯ ಹುಲ್ಲಿನ ಹಿಂದೆಯೂ ಇತ್ತು. ಹಣೆಗೆ ವಿಭೂತಿ ಹಚ್ಚಲಿ ಎಂದು ಕೂದಲನ್ನು ಹಿಂದಕ್ಕೆ ಸರಿಸಿಕೊಂಡದ್ದೂ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ತಿರುಗಿ ನನ್ನನ್ನು ನೋಡಿದಳು.

“ಇಲ್ಲೇನೇ ಮಾಡ್ತಾ ಇದ್ದೀಯ? ಓಗು, ಉಣಸೆಅಣ್ಣು ಬುಡಿಸೋಗು.”

ನಾನು ಹೋಗಿ ಕೂತೆ. ಅಳು ಬರಲಿಲ್ಲ, ಅದಕ್ಕಿಂತ ಕೆಟ್ಟದೊಂದು ಬಂತು. ತಮ್ಮ ಗಂಡು, ಅವನು ಉಳಿಯಬೇಕು, ನಾನು ಹೋದರೂ ಪರವಾಗಿಲ್ಲ ಎಂದು ಅಜ್ಜಿ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವ್ವ ನನ್ನ ಮುಖ ನೋಡಿ, ಕುಟ್ಟಿದ ಹಣ್ಣನ್ನು ನನ್ನ ಕಡೆ ಸರಿಸಿದಳು.

ಬಂದವರು ನಮ್ಮೂರ ಮೇಷ್ಟ್ರಲ್ಲ, ಸಾಲಿಗ್ರಾಮದ ಕಡೆಯವರು. ಪಕ್ಕದ ಊರಿನ ಶಾಲೆಯಲ್ಲಿದ್ದರು. ನಮ್ಮೂರ ಮೇಷ್ಟ್ರಾಗಿದ್ದರೆ ತಮ್ಮನನ್ನು ಕಂಡೇ ಇರುತ್ತಿದ್ದರು. ಇವರಿಗೆ ನಾವು ಯಾರೂ ಗೊತ್ತಿರಲಿಲ್ಲ. ಬಿಸಿಲಲ್ಲಿ ನಡೆದು ಅಂಗಿ ಬೆನ್ನಿಗೆ ಅಂಟಿತ್ತು. ಜಗಲಿಯ ಮೇಲೆ ಕೊಡೆ ಮಡಿಸಿಟ್ಟು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಚೀಲದಿಂದ ಚೀಟಿಗಳ ಕಟ್ಟನ್ನು ತೆಗೆದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಹೆಸರೇನು, ವಯಸ್ಸೆಷ್ಟು, ಓದು ಬರುತ್ತದೆಯೇ, ಏನು ಕೆಲಸ ಎಂದು ಕೇಳಿ ಕೇಳಿ ಬರೆದುಕೊಂಡರು. ಅಪ್ಪನೇ ಎಲ್ಲದಕ್ಕೂ ಉತ್ತರ ಹೇಳಿದ. ಅಪ್ಪ, ಅವ್ವ, ಅಜ್ಜಿ ಮುಗಿದ ಮೇಲೆ ಅವರು ನನ್ನ ಕಡೆ ನೋಡಿ, ನಿನ್ನ ಹೆಸರು ಬರೆಯಲು ಬರುತ್ತದೆಯೇ ಎಂದು ಕೇಳಿದರು. ಹುಣಸೆಯ ಅಂಟಿನ ಬೆರಳಿನಿಂದಲೇ ಜಗಲಿಯ ಮೇಲೆ ಬರೆದು ತೋರಿಸಿದೆ. ಭೇಷ್ ಎಂದರು. ಆಮೇಲೆ ಅದೇ ಹೆಸರನ್ನು ಅವರು ಮಸಿಯಲ್ಲಿ ಬರೆದರು. ನಿಬ್ಬು ಕಾಗದದ ಮೇಲೆ ಕಿರ್ ಎಂದ ಸದ್ದು ನನಗೆ ಕೇಳಿಸಿತು.

“ಇನ್ಯಾರೂ ಇಲ್ವಾ?” ಎಂದು ಕೇಳಿದರು.

ಅಪ್ಪ ಅಜ್ಜಿಯ ಕಡೆ ನೋಡಿದ. ಅವನು ಸುಳ್ಳು ಹೇಳುವವನಲ್ಲ. ಆದರೆ ತಾಯಿಗೆ ಎದುರಾಡುವವನೂ ಅಲ್ಲ. “ಇಷ್ಟೇಯ ಸ್ವಾಮಿ,” ಎಂದ.

ಮೇಷ್ಟ್ರು ಹೋದ ಮೇಲೆ ತಮ್ಮನನ್ನು ವಾಡೆಯಿಂದ ಎತ್ತಿದರು. ಮೈಯೆಲ್ಲ ರಾಗಿಯ ಧೂಳು, ಬಾಯೆಲ್ಲ ಬೆಲ್ಲ. ಮೇಲಿಂದ ಮೇಲೆ ಸೀನಿದ. ಅಜ್ಜಿ ಅವನ ಮುಖಕ್ಕೆ ನಿವಾಳಿಸಿ ನೆಟಿಗೆ ಮುರಿದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಾನು ಕಂಬದ ಪಕ್ಕ ನಿಂತು ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡೆ. ಬಿಸಿಯಾಗಿದೆ ಅನ್ನಿಸಿತು. ಎರಡು ವಾರ ಎಂದರೆ ಎಷ್ಟು ದಿನ ಎಂದು ಲೆಕ್ಕ ಹಾಕಿದೆ. ನನ್ನ ಕೆಂಪು ಟೇಪು ಯಾರಿಗೆ ಹೋಗುತ್ತದೆ ಎಂದೂ ಯೋಚಿಸಿದೆ. ತಮ್ಮನಿಗೆ ಜಡೆಯಿಲ್ಲ, ಕೊಡಲು ಯಾರೂ ಇರಲಿಲ್ಲ. ಆಗ ಅಳು ಬಂತು. ಯಾರಿಗೂ ಹೇಳದೆ ಮೇಷ್ಟ್ರು ಹೋದ ದಾರಿ ಹಿಡಿದು ಓಡಿದೆ.

ಅವರು ಕೆರೆ ಏರಿಯ ಹೊಂಗೆಮರದ ಕೆಳಗೆ ಬುತ್ತಿ ಉಂಡು, ಚೀಟಿಗಳನ್ನು ಮನೆ ನಂಬರಿನಂತೆ ಜೋಡಿಸುತ್ತ ಕೂತಿದ್ದರು. ನಾನು ಏದುಸಿರು ಬಿಡುತ್ತ ಹೋಗಿ, ನನ್ನ ಹೆಸರು ಅಳಿಸಿಬಿಡಿ ಎಂದೆ. ಅವರು ನಗಲಿಲ್ಲ. ಅವರು ನಕ್ಕಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಯಾಕೆ ಎಂದು ಕೇಳಿದರು. ಚಿಕ್ಕಪ್ಪನ ವಿಷಯವನ್ನೆಲ್ಲ ಹೇಳಿದೆ. ವಾಡೆಯ ವಿಷಯ ಮಾತ್ರ ನುಂಗಿಕೊಂಡೆ.

ಮೇಷ್ಟ್ರು ಬುತ್ತಿ ಕಟ್ಟಿ ತಂದಿದ್ದ ಮುತ್ತುಗದ ಎಲೆಗಳಲ್ಲಿ ಒಂದನ್ನು ಬಿಡಿಸಿಕೊಂಡರು. ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದು ತಂದರು. ಈ ಎಲೆ ನೀನು ಅಂದುಕೋ ಎಂದರು. ಹೆಣ್ಣುಮಗು ಎನ್ನುವುದಕ್ಕೆ ಮೇಲೊಂದು ತೂತು, ಒಂಬತ್ತು ವರ್ಷ ಎನ್ನುವುದಕ್ಕೆ ನಡುವೆ ಒಂದು, ಓದು ಬರುತ್ತದೆ ಎನ್ನುವುದಕ್ಕೆ ಪಕ್ಕದಲ್ಲಿ ಒಂದು. ಮುಳ್ಳಿನಿಂದ ಮೂರು ತೂತು ಚುಚ್ಚಿ ಎಲೆಯನ್ನು ಬಿಸಿಲಿಗೆ ಹಿಡಿದರು. ನನ್ನ ಅಂಗೈ ಮೇಲೆ ಮೂರು ಬೆಳಕಿನ ಚುಕ್ಕೆ ಬಿದ್ದವು.

ಊರೂರಿನ ಚೀಟಿಗಳೆಲ್ಲ ದೊಡ್ಡ ಪಟ್ಟಣಕ್ಕೆ ಹೋಗುತ್ತವೆ ಎಂದು ಅವರು ವಿವರಿಸಿದರು. ಅಲ್ಲಿ ಹೀಗೇ ರಟ್ಟಿನ ಕಾರ್ಡುಗಳಿಗೆ ತೂತು ಹಾಕುತ್ತಾರೆ. ಆ ಕಾರ್ಡುಗಳನ್ನು ಒಂದು ಯಂತ್ರದೊಳಗೆ ಹಾಕಿದರೆ, ಎಲ್ಲಿ ತೂತಿದೆ ಎಲ್ಲಿ ಇಲ್ಲ ಎಂದು ಅದೇ ನೋಡಿಕೊಂಡು, ಓದು ಬರುವ ಹುಡುಗಿಯರು ಇಷ್ಟು ಜನ ಎಂದು ಗಳಿಗೆಯಲ್ಲಿ ಹೇಳಿಬಿಡುತ್ತದೆ. ಈಗ ಅದಕ್ಕಿಂತ ಚುರುಕಾದ ಯಂತ್ರಗಳೂ ಬಂದಿವೆ, ಅವಕ್ಕೆ ಕಂಪ್ಯೂಟರ್ ಎನ್ನುತ್ತಾರೆ ಎಂದರು. ನಾನು ಆ ಮಾತನ್ನು ಮೊದಲು ಕೇಳಿದ್ದು ಅಲ್ಲಿ, ಹೊಂಗೆಮರದ ಕೆಳಗೆ, ಮೂಗು ಒರೆಸಿಕೊಳ್ಳುತ್ತ. ಮೇಷ್ಟ್ರು ಕೂಡ ಅದನ್ನು ಕಣ್ಣಾರೆ ಕಂಡವರಲ್ಲ. ತರಬೇತಿಗೆ ಹೋದಾಗ ಯಾರೋ ಅಧಿಕಾರಿ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು, ಅಷ್ಟೇ.

“ಅದು ಯಾರನ್ನೂ ಕರ್ಕೊಂಡು ಹೋಗಲ್ಲ ಕಣವ್ವ,” ಎಂದರು. “ತೂತು ನೋಡ್ತದೆ, ಒಂದು ಕೂಡಿಸ್ತದೆ. ಅಷ್ಟೇ ಅದರ ಕೆಲಸ.”

ಹಾಗಾದರೆ ಚೀಟಿ ಇಲ್ಲದವರನ್ನು ಅದು ಏನು ಮಾಡುತ್ತದೆ ಎಂದು ಕೇಳಿದೆ. ಚೀಟಿ ಇಲ್ಲದವರು ಅದಕ್ಕೆ ಇಲ್ಲವೇ ಇಲ್ಲ ಎಂದರು. ಈ ಊರಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಜನಕ್ಕೆ ಶಾಲೆ ಬೇಕು, ಸೂಜಿಮದ್ದು ಬೇಕು ಎಂದು ನೋಡುವಾಗ ಅಂಥ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಇಷ್ಟು ಹೇಳಿ ಅವರು ನನ್ನ ಮುಖವನ್ನೇ ನೋಡಿದರು. ಮನೆಯಲ್ಲಿ ಇನ್ನೊಬ್ಬರು ಇದ್ದಾರೇನಮ್ಮ ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರು ಹೇಳಿದ್ದು ಅರ್ಧ ನಂಬಿಕೆಯಾಗಿತ್ತು. ಉಳಿದರ್ಧ ನಾನಿನ್ನೂ ಅಜ್ಜಿಯ ಮೊಮ್ಮಗಳೇ. ಹೇಳಿದರೆ ತಮ್ಮನಿಗೆ ಜ್ವರ ಬಂದೀತು. ಹೇಳದಿದ್ದರೆ ಇಬ್ಬರಲ್ಲಿ ನಾನೊಬ್ಬಳೇ ಆ ಲೆಕ್ಕದಲ್ಲಿ ಉಳಿಯುತ್ತೇನೆ. ಮಕ್ಕಳೇ, ತಮ್ಮನಿಗೆ ಶಾಲೆ ಸಿಗಲಿ, ಸೂಜಿಮದ್ದು ಸಿಗಲಿ ಎಂದು ನಾನು ಹೇಳಿದೆ ಎಂದುಕೊಂಡರೆ ನೀವು ಮೋಸಹೋದಿರಿ. ನಾನೊಬ್ಬಳೇ ಯಾಕೆ ಎಂಬ ಹೊಟ್ಟೆಕಿಚ್ಚಿನಲ್ಲಿ ಹೇಳಿದೆ. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ.

“ತಮ್ಮ ಅವ್ನೆ,” ಎಂದೆ. “ವಾಡೆ ಒಳಗೆ ಕೂರ್ಸಿದ್ರು.”

ಮೇಷ್ಟ್ರು ಕೊಡೆ ಬಿಚ್ಚಿ ನನ್ನನ್ನೂ ಅದರ ನೆರಳಿಗೆ ಸೇರಿಸಿಕೊಂಡು ನಮ್ಮ ಮನೆಗೆ ನಡೆದರು. ತಮ್ಮ ಜಗಲಿಯ ಮೇಲೆ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದ. ಮೇಷ್ಟ್ರು ಮತ್ತೆ ಬಂದದ್ದನ್ನೂ ಅವರ ಪಕ್ಕದಲ್ಲಿ ನಾನಿದ್ದದ್ದನ್ನೂ ಕಂಡ ಅಜ್ಜಿಗೆ ಎಲ್ಲ ಅರ್ಥವಾಯಿತು. ತಮ್ಮನನ್ನು ಬಾಚಿ ತಬ್ಬಿಕೊಂಡು ಗೋಡೆಗೆ ಒರಗಿದಳು. ಅಪ್ಪ ತಲೆ ಎತ್ತಲಿಲ್ಲ.

ಮೇಷ್ಟ್ರು ಗದರಲಿಲ್ಲ, ಕಾನೂನು ಕಟ್ಟಳೆ ಎಂದು ಹೆದರಿಸಲೂ ಇಲ್ಲ. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಹಿಂದೊಮ್ಮೆ ಬರೆಸಿದ್ದ ಮಗನ ಹೆಸರೇನಮ್ಮ ಎಂದು ಅಜ್ಜಿಯನ್ನು ಕೇಳಿದರು. ಆ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ಅಜ್ಜಿಯ ತುಟಿ ಎರಡು ಸಲ ಅಲುಗಿತು. ಕೊನೆಗೆ ಹೆಸರು ಹೇಳಿದಳು. ತನ್ನನ್ನೇ ಕರೆದಳೆಂದು ತಮ್ಮ ಕತ್ತೆತ್ತಿ ಅವಳ ಮುಖ ನೋಡಿದ.

ಆಮೇಲೆ ಅಜ್ಜಿಯೇ ಮಾತಾಡಿದಳು.

“ಅವತ್ತು ಬರ್ಕೊಂಡೋದ್ರಲ್ಲ ಮೇಷ್ಟ್ರೇ, ಆ ಲೆಕ್ಕದಾಗೆ ಅವನು ಇನ್ನೂ ಅವ್ನಾ?”

“ಇದಾನೆ ಕಣಮ್ಮ,” ಎಂದರು ಮೇಷ್ಟ್ರು. “ಆ ವರ್ಷದ ಲೆಕ್ಕದಲ್ಲಿ ಅವನೊಬ್ಬ. ಅದನ್ನ ಯಾರೂ ಕಳೆಯೋಕಾಗಲ್ಲ.”

“ಸತ್ತೋದ ಅಂತ ಗೀಟು ಒಡೆದಾಕ್ಲಿಲ್ವಾ?”

“ಇಲ್ಲ. ಅವತ್ತು ಇದ್ದ. ಇದ್ದ ಅಂತಲೇ ಇರ್ತದೆ.”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಸದ್ದಿಲ್ಲದೆ. ತಮ್ಮ ಅವಳ ತೊಡೆಯಿಂದ ಜಾರಿ ತನ್ನ ಹುಣಸೆಬೀಜಗಳ ಹತ್ತಿರ ಹೋದ. ಅವಳು ತಡೆಯಲಿಲ್ಲ. ಅವನನ್ನೇ ನೋಡುತ್ತ, “ಅಂಗಾದ್ರೆ ಇವನ್ನೂ ಬರ್ಕಳಿ,” ಎಂದಳು.

ಮೇಷ್ಟ್ರು ಐದನೆಯ ಚೀಟಿ ತೆಗೆದರು. ಅದೇ ಹೆಸರನ್ನು ಮತ್ತೊಮ್ಮೆ ಬರೆದರು. ನಾನು ಕಿವಿಗೊಟ್ಟು ಕೇಳಿದೆ, ನಿಬ್ಬಿನ ಸದ್ದು ನನ್ನ ಹೆಸರಿಗೆ ಬಂದಂತೆಯೇ ಬಂತು.

ಆ ಮಧ್ಯಾಹ್ನ ಎಲ್ಲರೂ ತಡವಾಗಿ ಊಟಕ್ಕೆ ಕೂತೆವು. ಅಜ್ಜಿ ನನ್ನನ್ನು ಬಯ್ಯುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದು ತಟ್ಟೆಯ ಮುಂದೆ ತಲೆ ತಗ್ಗಿಸಿಕೊಂಡು ಕೂತಿದ್ದೆ. ಅವಳು ಮುದ್ದೆ ಇಟ್ಟಳು, ಸಾರು ಬಿಟ್ಟಳು. ಆಮೇಲೆ ರಾಗಿ ಹಿಟ್ಟು ಮೆತ್ತಿದ ಬಿಸಿ ಕೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟು, ನಿಧಾನವಾಗಿ ‘ಲಾಭ’ ಎಂದಳು. ಪಕ್ಕದಲ್ಲಿದ್ದ ತಮ್ಮನ ತಲೆ ಮುಟ್ಟಿ ‘ಎರಡು’ ಎಂದಳು. ಅವ್ವನಿಗೆ ಮೂರು, ಅಪ್ಪನಿಗೆ ನಾಲ್ಕು. ಕೊನೆಗೆ ತನ್ನ ಎದೆ ಮುಟ್ಟಿಕೊಂಡು ಐದು ಎಂದಳು. ನಮ್ಮ ಮನೆಯ ತಲೆಗಳನ್ನು ಅವಳು ಎಣಿಸಿದ್ದು ಅದೇ ಮೊದಲು. ನನ್ನಿಂದ ಶುರುಮಾಡಿದ್ದಳು.

ಹಾಗೆಂದು ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಎರಡು ವಾರ ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ತಮ್ಮನ ಹಣೆ ಮುಟ್ಟಿ ನೋಡುತ್ತಿದ್ದೆ, ಆಮೇಲೆ ನನ್ನದು. ಅಜ್ಜಿಯೂ ಹಾಗೇ ಮುಟ್ಟುತ್ತಿದ್ದಳು. ಒಂದೆರಡು ಸಲ ಕತ್ತಲಲ್ಲಿ ನಮ್ಮಿಬ್ಬರ ಕೈ ಅವನ ಹಣೆಯ ಮೇಲೆ ತಾಗಿದ್ದೂ ಉಂಟು. ಆಗೆಲ್ಲ ಅವಳು ನನ್ನ ಹಣೆಯನ್ನೂ ಮುಟ್ಟಿ ನೋಡಿ ಎದ್ದು ಹೋಗುತ್ತಿದ್ದಳು. ಯಾರಿಗೂ ಜ್ವರ ಬರಲಿಲ್ಲ.

ಮಕ್ಕಳೇ, ಮೊನ್ನೆ ನೀವು ರಜೆಗೆ ಬಂದಿದ್ದಾಗ ನಮ್ಮ ಮನೆಗೂ ಲೆಕ್ಕ ಬರೆಯಲು ಒಬ್ಬ ಟೀಚರ್ ಬಂದಿದ್ದಳಲ್ಲ, ಅವಳ ಕೈಯಲ್ಲಿ ಚೀಟಿಯೂ ಇರಲಿಲ್ಲ, ಮಸಿಯೂ ಇರಲಿಲ್ಲ. ಒಂದು ಮೊಬೈಲ್ ಇತ್ತು. ಸಿಗ್ನಲ್ ಸಿಗುವುದಿಲ್ಲವೆಂದು ನೀವು ಅವಳನ್ನು ಮಹಡಿಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಕೂರಿಸಿದಿರಿ. ಇಷ್ಟಗಲದ ಆ ಗಾಜಿನೊಳಗೆ ನನ್ನ ಮೇಷ್ಟ್ರು ಹೇಳಿದ್ದ ಯಂತ್ರ ಕೂತಿದೆ ಎಂದು ನಿಮಗೆ ಅನ್ನಿಸುವುದಿಲ್ಲ. ಅದು ಇಲ್ಲದಿದ್ದ ಕಾಲವನ್ನು ನೀವು ಕಂಡಿಲ್ಲ. ಹುಟ್ಟಿದ ಗಳಿಗೆಯಿಂದ ನಿಮ್ಮ ಹೆಸರು, ಬೆರಳಚ್ಚು, ಫೋಟೊ ಎಲ್ಲ ಎಲ್ಲೆಲ್ಲೋ ಬರೆದುಹೋಗಿದೆ. ನಿಮ್ಮನ್ನು ಬಚ್ಚಿಡಲು ಯಾವ ಅಜ್ಜಿಯ ಬಳಿಯೂ ಅಂಥ ವಾಡೆ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಬೇಡಿ, ನನಗೆ ತಿಳಿಯದು.

ಅವಳ ಹತ್ತಿರ ನಾನು ಯಾಕೆ ಹಳೆಯ ಲೆಕ್ಕದ ಮಾತು ತೆಗೆದೆ ಎಂದು ನೀವು ಕೇಳಿದಿರಿ. ಹೇಳುತ್ತೇನೆ. ವಾಡೆಯೊಳಗೆ ಕೂತು ಬೆಲ್ಲ ತಿಂದ ಆ ತಮ್ಮನೇ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನಿಮ್ಮ ತಾತ, ನಿಮಗೆಲ್ಲ ಪುಕ್ಕಟೆ ಗಾಳಿ ತುಂಬಿಸಿ ಕೊಡುತ್ತಿದ್ದವನು. ಹೋದ ಆಷಾಢದಲ್ಲಿ ಅವನು ತೀರಿಹೋದ. ನನಗಿಂತ ಐದು ವರ್ಷ ಚಿಕ್ಕವನು. ನನಗೆ ತಿಳಿದಂತೆ ಲೆಕ್ಕದವರು ಬಂದು ಅವನ ಹೆಸರು ಬರೆದುಕೊಳ್ಳದೆ ಹೋಗುವುದು ಇದೇ ಮೊದಲು.

ಅದಕ್ಕೇ ನಾನು ಆ ಟೀಚರನ್ನು ಕೇಳಿದೆ, ಹಿಂದಿನ ಲೆಕ್ಕಗಳಲ್ಲಿ ಇದ್ದವರು ಇನ್ನೂ ಇರುತ್ತಾರೇನವ್ವ ಎಂದು. ಮುದುಕಿ ಏನೋ ಕೇಳುತ್ತಾಳೆ ಎಂದುಕೊಂಡಳೋ ಏನೋ, ಮೊಬೈಲಿನಿಂದ ಕಣ್ಣು ತೆಗೆಯದೆ, “ಇರ್ತಾರೆ ಅಜ್ಜಿ, ಅದೆಲ್ಲ ಡಿಲೀಟ್ ಆಗಲ್ಲ,” ಎಂದಳು.

ಮೇಷ್ಟ್ರು ನಮ್ಮ ಹೆಸರು ಬರೆದ ಆ ಚೀಟಿಗಳನ್ನು ಇಷ್ಟು ಹೊತ್ತಿಗೆ ಗೆದ್ದಲು ತಿಂದಿರಬಹುದು. ಆದರೂ ಆ ವರ್ಷದ ಲೆಕ್ಕದಲ್ಲಿ ನಾವಿಬ್ಬರೂ ಇದ್ದೇವೆ, ನಾನು ಹೊಟ್ಟೆಕಿಚ್ಚಿಗೆ ಹೇಳಿದ್ದರಿಂದ ಅವನೂ ಇದ್ದಾನೆ. ಆಮೇಲೆ ಆ ಟೀಚರ್, ನಿಮ್ಮ ಹೆಸರು ಹೇಳಿ ಅಜ್ಜಿ ಎಂದಳು. ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸಿಕೊಂಡೆ.

“ಅಂಗಾದ್ರೆ ಬರ್ಕೊ,” ಎಂದೆ.